ಬೋಳು ಅಂಚಿನ ಡಾಲರ್

ಮಾಳಮಡ್ಡಿಯಿಂದ ಧಾರವಾಡ ಸ್ಟೇಶನ್ನಿಗೆ ಇಳಿಯುವ ದಾರಿಯಲ್ಲಿ ‘ದಸ್ತಗೀರಸಾಬ ಟೀ ಸ್ಟಾಲ್’ ಎಂಬ ಬೋರ್ಡು ಇದೆ. ದಸ್ತಗೀರಸಾಬರು ಮಣ್ಣಾಗಿ ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆಯುವವಳು, ಚಹಾ ಕಾಸುವವಳು, ಗಿರಮಿಟ್ಟಿಗೆ ಚುರುಮುರಿ ಕಲಸುವವಳು, ಮೆಣಸಿನಕಾಯಿ ಭಜಿ ಕರಿಯುವವಳು ಎಲ್ಲ ಅವರ ಮಗಳು ರುಕ್ಸಾನಾ. ಬೋರ್ಡಿನಲ್ಲಿ ಮಾತ್ರ ಅವಳ ಹೆಸರಿಲ್ಲ. ಮೂವತ್ತಾರು ವರ್ಷದ ಬದುಕಿನಲ್ಲಿ ಅವಳ ಹೆಸರು ಅಚ್ಚಾಗಿದ್ದೆಂದರೆ ಹತ್ತನೆಯ ಅಂಕಪಟ್ಟಿಯಲ್ಲಿ, ಆಧಾರ್ ಕಾರ್ಡಿನಲ್ಲಿ, ರೇಶನ್ ಕಾರ್ಡಿನಲ್ಲಿ. ಅಲ್ಲಿಯೂ ಒಂದು ಕಡೆ ಕಾಗುಣಿತ ತಪ್ಪಿತ್ತು.

ಇದರ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಕೊರಗು ಇತ್ತು. ಹತ್ತನೆಯ ಇಯತ್ತೆಯಲ್ಲಿ ಸಮಾಜ ವಿಜ್ಞಾನಕ್ಕೆ ತೊಂಬತ್ತೆರಡು ಅಂಕ ತಗೊಂಡು, ಮರುವರ್ಷವೇ ಉಳ್ಳಾಗಡ್ಡಿ ಹೆಚ್ಚಲು ಕೂತವಳಿಗೆ ಇರದೆ ಇನ್ನಾರಿಗೆ ಇರಬೇಕು? ಆದರೆ ಚಹಾ ಕುಡಿಯಲು ಬರುವವರ ಮುಂದೆ ಕೊರಗು ಬಿಚ್ಚಿಟ್ಟರೆ ಚಹಾ ಆರಿಹೋಗುತ್ತದೆ. ಅವಳು ಅದನ್ನು ಹೇಳಿಕೊಂಡದ್ದು ಒಬ್ಬರ ಮುಂದೆ ಮಾತ್ರ. ಅವರು ಯಜ್ಞೇಶ್ವರ ಮಾಸ್ತರರು.

ಮಾಸ್ತರರು ಇತಿಹಾಸ ಕಲಿಸಿ ನಿವೃತ್ತರಾದವರು. ಎಪ್ಪತ್ತರ ಮೇಲೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಒಂದು ಭೂತಗನ್ನಡಿ. ನಲವತ್ತು ವರ್ಷದಿಂದ ನಾಣ್ಯ ಕೂಡಿಸುವ ಹುಚ್ಚು. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ, ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ, ಅವರು ಬಂದು ಒಳಗಿನ ಬಾಕಿನ ಮೇಲೆ ಕೂಡುವರು. ರುಕ್ಸಾನಾ ಗಲ್ಲೆಯ ಚಿಲ್ಲರೆಯನ್ನೆಲ್ಲ ಒಂದು ಪರಾತದಲ್ಲಿ ಸುರಿದು ಮುಂದಿಡುವಳು. ಅವರು ತಮಗೆ ಬೇಕಾದ ನಾಣ್ಯ ಆರಿಸಿಕೊಂಡು, ಅಷ್ಟೇ ಬೆಲೆಯ ನೋಟು ಕೊಟ್ಟು ಹೋಗುವರು. ಜೊತೆಗೆ ಹತ್ತು ರೂಪಾಯಿಯ ನಾಣ್ಯಗಳನ್ನೆಲ್ಲ ಬಳಿದುಕೊಂಡು ಹೋಗುವರು. ಅದು ದೊಡ್ಡ ಉಪಕಾರ. ಯಾಕೆಂದರೆ ನಮ್ಮ ಕಡೆ ಹತ್ತು ರೂಪಾಯಿಯ ನಾಣ್ಯಕ್ಕೆ ದಿಕ್ಕಿಲ್ಲ. ಸರಕಾರ ಅದು ನಡೆಯುತ್ತದೆ ಅನ್ನುತ್ತದೆ, ಬ್ಯಾಂಕಿನವರು ನಡೆಯುತ್ತದೆ ಅನ್ನುತ್ತಾರೆ, ಕೊತ್ತಂಬರಿ ಮಾರುವ ಗುಡ್ಡವ್ವ ನಡೆಯುವುದಿಲ್ಲ ಅನ್ನುತ್ತಾಳೆ. ಗೆಲ್ಲುವುದು ಗುಡ್ಡವ್ವ.

ರುಕ್ಸಾನಾಳ ತಾಯಿ ಮಾಶಾಬಿಗೆ ಮಾತ್ರ ಈ ಶನಿವಾರದ ಸಂಭ್ರಮ ಸೇರುತ್ತಿರಲಿಲ್ಲ.

“ತ್ವಾಳಾ ಬಂದು, ಕುರಿ ಕಾಯ್ತೇನಿ, ಪಗಾರ ಬ್ಯಾಡ ಅಂತಂತ. ನಿಮ್ಮ ಮಾಸ್ತರಂದೂ ಹಂಗ ಐತಿ” ಅನ್ನುವಳು.

“ಅಮ್ಮೀ, ಊರಾಗ ಎಲ್ಲಾರೂ ಈ ಚಿಲ್ಲರ ಕಂಡ್ರ ಮಾರಿ ತಿರುವತಾರ. ಅವರೊಬ್ಬರ ನೋಟ ಕೊಟ್ಟು ಒಯ್ತಾರ. ಸುಮ್ನಿರು” ಎಂದು ರುಕ್ಸಾನಾ ಬಾಯಿ ಮುಚ್ಚಿಸುವಳು.

ಆರು ವರ್ಷ ಹೀಗೆ ನಡೆಯಿತು. ಮೊದಮೊದಲು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದವಳಿಗೆ ಮಾಸ್ತರರು ಕಲಿಸಲು ಶುರು ಮಾಡಿದರು. ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ ಟಂಕಸಾಲೆ, ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಏನೂ ಇಲ್ಲದಿದ್ದರೆ ಕಲಕತ್ತೆ. ನಾಣ್ಯವನ್ನು ಮುಖದ ಮೇಲೆ ಬೆರಳಿಟ್ಟು ಹಿಡಿಯಬಾರದು. ಒರೆಸಬಾರದು. ತೊಳೆಯಲಂತೂ ಬಾರದು. ಎರಡು ವರ್ಷದಲ್ಲಿ ಅವಳ ಕಣ್ಣು ಎಷ್ಟು ಚುರುಕಾಯಿತೆಂದರೆ, ಗಿರಾಕಿಗಳು ಕೊಟ್ಟ ನಾಣ್ಯ ಗಲ್ಲೆಗೆ ಬೀಳುವ ಮೊದಲೇ ಅದರ ಊರು ಹೇಳುತ್ತಿದ್ದಳು. ಸಾಲೆ ಬಿಟ್ಟ ಮೇಲೆ ಸತ್ತೇಹೋಗಿದೆ ಎಂದುಕೊಂಡಿದ್ದ ಏನೋ ಒಂದು ಅವಳಲ್ಲಿ ಮತ್ತೆ ಉಸಿರಾಡಿತು. ಶನಿವಾರ ಬಂತೆಂದರೆ ಅವಳು ಹೊಸ ದುಪಟ್ಟಾ ಹೊದೆಯುತ್ತಿದ್ದಳು. ವಿದ್ಯಾರ್ಥಿನಿ ಅಲ್ಲವೇ!

ಮಾಸ್ತರರು ಕತೆಗಳನ್ನೂ ಹೇಳುತ್ತಿದ್ದರು. ಅವರ ತಾಯಿ ಕಾಶೀಬಾಯಿ ಎಂಟು ವರ್ಷ ಒಬ್ಬ ಉಸ್ತಾದರ ಹತ್ತಿರ ಹಾಡು ಕಲಿತರಂತೆ. ಎಲ್ಲ ಕಲಿಸಿದ ಉಸ್ತಾದರು ಒಂದು ಹಾಡಿನ ಚೀಜನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡು ಸತ್ತರಂತೆ. “ಸಾಯೋತನಕಾ ನಮ್ಮವ್ವ ಅದನ್ನ ನೆನಿಸಿ ಅಳ್ತಿದ್ಲು, ರುಕ್ಸಾನಾ. ವಿದ್ಯಾ ಬಚ್ಚಿಡೂದು ಪಾಪ” ಎಂದು ಮಾಸ್ತರರು ಕಣ್ಣು ಒರೆಸಿಕೊಂಡಿದ್ದರು. ಅವಳೂ ಒರೆಸಿಕೊಂಡಿದ್ದಳು.

ಹುಬ್ಬಳ್ಳಿಯಲ್ಲಿ ವರ್ಷಕ್ಕೊಮ್ಮೆ ನಾಣ್ಯಪ್ರಿಯರ ಕೂಟವೊಂದು ಪ್ರದರ್ಶನ ನಡೆಸುತ್ತದೆ. ಅದರಲ್ಲಿ ‘ಚಿಲ್ಲರೆಯಲ್ಲಿ ಸಿಕ್ಕದ್ದು’ ಎಂದು ಒಂದು ಬೇರೆ ವಿಭಾಗ. ಅಲ್ಲಿ ಇಡುವ ನಾಣ್ಯವನ್ನು ಕೊಂಡಿರಬಾರದು. ಕೊಡು-ತಗೊಳ್ಳುವಾಗ ತಾನಾಗಿ ಕೈಗೆ ಬಂದಿರಬೇಕು. ಸಿಕ್ಕವರು ಅದು ಹೇಗೆ ಸಿಕ್ಕಿತೆಂದು ತಮ್ಮ ಕೈಯಾರೆ ಬರೆದು, ಹೆಸರು ಹಾಕಿ, ನಾಣ್ಯದ ಪಕ್ಕ ಇಡಬೇಕು. “ನಿನ್ನ ಕೈಯಾಗ ಒಂದು ಖರೇ ನಾಣ್ಯ ಸಿಗಲಿ. ಆ ಕಾರ್ಡಿನ ಮ್ಯಾಲೆ ನಿನ್ನ ಹೆಸರು ಬರಸೂ ಜವಾಬ್ದಾರಿ ನಂದು” ಎಂದು ಮಾಸ್ತರರು ಮಾತು ಕೊಟ್ಟಿದ್ದರು. ಆವತ್ತಿನಿಂದ ರುಕ್ಸಾನಾಳಿಗೆ ಬೇಕಾಗಿದ್ದು ಅಷ್ಟೇ: ಒಂದು ಕಾರ್ಡು, ಅದರ ಮೇಲೆ ತನ್ನ ಹೆಸರು, ಕಾಗುಣಿತ ಸರಿಯಾಗಿ.

ಹೋದ ಮಾಘಮಾಸದ ಒಂದು ಗುರುವಾರ ಅದು ಬಂತು.

ಗುರುವಾರ ಸಂಜೆ ಗಲ್ಲೆಗೆ ಲೋಬಾನದ ಹೊಗೆ ಹಾಕುವುದು ದಸ್ತಗೀರಸಾಬರ ಕಾಲದಿಂದ ಬಂದ ಪದ್ಧತಿ. ಭಜಿ ಅಂಗಡಿಯ ಚಿಲ್ಲರೆಯೆಂದರೆ ಎಣ್ಣೆಯಲ್ಲಿ ಮಿಂದಿರುತ್ತದೆ. ಎಣ್ಣೆ ಜಿಡ್ಡಿನ ದುಡ್ಡಿಗೆ ಲೋಬಾನ ಹಿಡಿಯುವುದು ಹೇಗೆಂದು, ಮೊದಲು ಹುಣಸೆಹಣ್ಣಿನ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರಡುವುದು. ಮಾಸ್ತರರ ಮಾತಿನಂತೆ ರುಕ್ಸಾನಾ ಅನುಮಾನ ಬಂದ ನಾಣ್ಯಗಳನ್ನು ಬೇರೆ ಡಬ್ಬಿಗೆ ಹಾಕಿ, ಉಳಿದದ್ದನ್ನಷ್ಟೇ ತೊಳೆಯುತ್ತಿದ್ದಳು. ಆವತ್ತು ನಾಲ್ಕು ಗಂಟೆಗೆ ಆಟೋದ ಅಲ್ಲಾವುದ್ದೀನ ಬಂದು ಆರು ಜನರ ಚಹಾಕ್ಕೆ ಒಂದು ಮುಷ್ಟಿ ಚಿಲ್ಲರೆ ಸುರಿದು ಹೋಗಿದ್ದ. ಕೈಯೆಲ್ಲ ಕಡಲಿಹಿಟ್ಟು. ನೋಡುವ ಪುರಸೊತ್ತಿರಲಿಲ್ಲ. ಎಲ್ಲವೂ ಬೋಗುಣಿಗೆ ಬಿತ್ತು.

ತೊಳೆದು ಹರಡಿದಾಗ ಒಂದು ನಾಣ್ಯ ಉಳಿದವುಗಳಂತಿರಲಿಲ್ಲ. ಅಳತೆಯಲ್ಲಿ ಹತ್ತು ರೂಪಾಯಿಯಷ್ಟೇ, ಆದರೆ ಪೂರ್ತಿ ಬಂಗಾರದ ಬಣ್ಣ. ಹುಣಸೆ ನೀರು ತಾಗಿದ ಕಡೆ ಮಾತ್ರ ನಸುಗೆಂಪು. ಒಂದು ಬದಿಗೆ ಕೈಯೆತ್ತಿ ದೀವಟಿಗೆ ಹಿಡಿದು ನಿಂತ ಹೆಣ್ಣು. ಇನ್ನೊಂದು ಬದಿಗೆ ಉದ್ದ ಮೂಗಿನ ಗಂಡಸು, ಜಾರ್ಜ್ ವಾಷಿಂಗ್ಟನ್ ಎಂಬ ಹೆಸರು, ಕೆಳಗೆ ೧೭೮೯-೧೭೯೭. ರುಕ್ಸಾನಾ ಅದನ್ನು ಬೆಳಕಿಗೆ ಹಿಡಿದಳು. ಇನ್ನೂರು ವರ್ಷದ ನಾಣ್ಯ! ತೊಳೆದುಬಿಟ್ಟೆನಲ್ಲ ಎಂಬ ಹೆದರಿಕೆಯೂ ಅದರ ಬೆನ್ನಿಗೇ ಬಂತು.

ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮೊಬೈಲಿನಲ್ಲಿ ಏನಿರುತ್ತದೆ? ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ನೀವು ಐದು ಸಾವಿರ ಕಳಿಸಿ ಅನ್ನುವ ಠಕ್ಕರು. ಅದನ್ನು ಮುಟ್ಟಬೇಡ ಎಂದು ಮಾಸ್ತರರೇ ಹೇಳಿದ್ದರು. ಅವಳಿಗೆ ಮಾಸ್ತರರಿರುವಾಗ ಮೊಬೈಲು ಯಾಕೆ?

ಶನಿವಾರ ಮೂರಕ್ಕೆ ಅವರು ಬಂದಾಗ ಅವಳು ಚಹಾವನ್ನೂ ಮರೆತು ನಾಣ್ಯ ಕೈಗಿತ್ತಳು.

“ಸರ, ಹದಿನೇಳನೂರ ಎಂಬತ್ತೊಂಬತ್ತರದ್ದು.”

ಮಾಸ್ತರರು ನಕ್ಕರು. “ಹುಚ್ಚಿ, ಅದು ಅವ ರಾಷ್ಟ್ರಾಧ್ಯಕ್ಷ ಆಗಿದ್ದ ವರ್ಷ. ನಾಣ್ಯದ್ದಲ್ಲ. ಇದು ಮೊನ್ನೆ ಮೊನ್ನೆದು, ಅಮೆರಿಕದ ಒಂದು ಡಾಲರ್.”

ಹೇಳುತ್ತಲೇ ಅವರು ಭೂತಗನ್ನಡಿ ತೆಗೆದರು. ನಾಣ್ಯವನ್ನು ಅಡ್ಡ ಹಿಡಿದು ಬೆರಳ ತುದಿಯಲ್ಲಿ ಒಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು. ಚೀಲದಿಂದ ಪುಟ್ಟ ತೂಕದ ಯಂತ್ರ ತೆಗೆದು ಅದರ ಮೇಲಿಟ್ಟರು. ಎತ್ತಿ ಮತ್ತೆ ಇಟ್ಟರು. ನಗು ಯಾವಾಗಲೋ ನಿಂತಿತ್ತು.

“ಮತ್ತ ಇದರ ಇಸವಿ ಎಲ್ಲೈತ್ರಿ ಸರ? ಎರಡೂ ಕಡೆ ಹುಡುಕಿದೆ, ಸಿಗಲಿಲ್ಲ.”

ಮಾಸ್ತರರು ಭೂತಗನ್ನಡಿಯನ್ನು ಕಿಸೆಗೆ ಹಾಕಿಕೊಂಡರು. “ಇದಕ್ಕ ಇಸವಿ ಹಾಕೂದಿಲ್ಲ. ಅದಕ್ಕ ಕೂಡಸೋರು ಇದನ್ನ ಕೇಳೂದೂ ಇಲ್ಲ. ಕೋಟಿಗಟ್ಟಲೆ ಮಾಡ್ಯಾರ. ಸಾಮಾನ್ಯ.” ಆಮೇಲೆ ನಸುಗೆಂಪು ಕಲೆಯನ್ನು ತೋರಿಸಿದರು. “ಮ್ಯಾಲಾಗಿ ನೀ ಹುಣಸಿನೀರಾಗ ಅದ್ದಿ ಬಿಟ್ಟಿ. ಇದ್ದ ಒಂಚೂರು ಕಿಮ್ಮತ್ತೂ ಹೋತು. ಎಷ್ಟ ಸಲ ಹೇಳೇನಿ ನಿನಗ?”

ರುಕ್ಸಾನಾ ತಲೆ ತಗ್ಗಿಸಿದಳು. ಮಾಸ್ತರರು ಅವಳಿಗೆ ನೂರು ರೂಪಾಯಿ ಕೊಟ್ಟು, ಸಾಲೆಯ ಹುಡುಗರಿಗೆ ತೋರಿಸಲು ಬರುತ್ತದೆಂದು ಡಾಲರನ್ನು ಚೀಲಕ್ಕೆ ಹಾಕಿಕೊಂಡರು. ಆವತ್ತು ಅವರು ಹತ್ತರ ನಾಣ್ಯಗಳನ್ನು ಒಯ್ಯಲು ಮರೆತುಹೋದರು. ಮಾಶಾಬಿ ಅದನ್ನು ಗಮನಿಸಿದಳು, ಮಗಳು ಗಮನಿಸಲಿಲ್ಲ.

ಮುಂದಿನ ಎರಡು ತಿಂಗಳು ರುಕ್ಸಾನಾ ತನ್ನನ್ನು ತಾನೇ ಬೈದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತನ್ನ ಕೈಯಿಂದಲೇ. ತಾಯಿಯ ಜೊತೆ ಜಗಳಾಡಿ ಗುರುವಾರದ ತೊಳೆಯುವ ಪದ್ಧತಿಯನ್ನೇ ನಿಲ್ಲಿಸಿದಳು. “ನಿಮ್ಮಪ್ಪನ ಕಾಲದ್ದು, ಬಿಡಬ್ಯಾಡ” ಎಂದು ಮಾಶಾಬಿ ಅತ್ತರೂ ಕೇಳಲಿಲ್ಲ.

ಪ್ರದರ್ಶನದ ಭಾನುವಾರ ಬಂತು. “ಈ ವರ್ಷ ಬ್ಯಾಡ, ಹೊಸಾದು ಏನಿಲ್ಲ. ಮುಂದಿನ ವರ್ಷ ನಾನ ಕರಕೊಂಡು ಹೋಗ್ತೇನಿ” ಎಂದು ಮಾಸ್ತರರು ಹೇಳಿದ್ದರು. ಆದರೂ ಅವಳು ಮಧ್ಯಾಹ್ನ ಅಂಗಡಿ ಮುಚ್ಚಿ, ಮಾಸ್ತರರಿಗೆಂದು ನಾಲ್ಕು ಬಿಸಿ ಭಜಿ ಕಾಗದದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಳು. ಗುರುಗಳಿಗೆ ಖುಷಿಯಾಗುತ್ತದೆ ಎಂದುಕೊಂಡಳು. ನಂಬಿಗಸ್ತರ ಬುದ್ಧಿ ನೋಡಿ, ಭಜಿ ಆರಬಾರದೆಂದು ದಾರಿಯುದ್ದಕ್ಕೂ ದುಪಟ್ಟಾದಲ್ಲಿ ಮುಚ್ಚಿಕೊಂಡಿದ್ದಳು.

ಕಲ್ಯಾಣಮಂಟಪದಲ್ಲಿ ಜನವೋ ಜನ. ‘ಚಿಲ್ಲರೆಯಲ್ಲಿ ಸಿಕ್ಕದ್ದು’ ಮೇಜಿನ ಮುಂದೆ ಹೆಚ್ಚು ಗದ್ದಲ. ಕೇದಾರ ಎಂಬ ಹೆಸರಿನ ಬಿಲ್ಲೆ ತೊಟ್ಟ ಕಾರ್ಯಕರ್ತನೊಬ್ಬ ವಿವರಿಸುತ್ತಿದ್ದ. ಗಾಜಿನ ಪೆಟ್ಟಿಗೆಯ ನಡುವೆ, ಮೊದಲ ಬಹುಮಾನದ ನೀಲಿ ರಿಬ್ಬನ್ನಿನ ಕೆಳಗೆ, ಉದ್ದ ಮೂಗಿನ ಗಂಡಸು ಕೂತಿದ್ದ. ಕಿವಿಯ ಪಕ್ಕ ನಸುಗೆಂಪು ಕಲೆ.

ಪಕ್ಕದ ಕಾರ್ಡಿನ ಅಕ್ಷರ ಅವಳಿಗೆ ಗುರುತಿತ್ತು. ಆರು ವರ್ಷ ನೋಡಿದ ಅಕ್ಷರ.

‘ಅಮೆರಿಕದ ಒಂದು ಡಾಲರ್, ೨೦೦೭. ಅಂಚಿನ ಬರಹ ಬೀಳದೆ ಉಳಿದ ದೋಷನಾಣ್ಯ. ಧಾರವಾಡದ ಚಹಾದಂಗಡಿಯಲ್ಲಿ ನನ್ನ ಕೈಗೆ ಚಿಲ್ಲರೆಯಾಗಿ ಬಂದದ್ದು. ಏನೂ ತಿಳಿಯದ ಅಂಗಡಿಯ ಹೆಣ್ಣುಮಗಳು ಇದನ್ನು ಹುಣಸೆ ನೀರಿನಲ್ಲಿ ತೊಳೆದದ್ದರಿಂದ ಬಣ್ಣ ಕೆಟ್ಟಿದೆ. ಸಕಾಲದಲ್ಲಿ ನಾನು ಗುರುತಿಸಿದ್ದರಿಂದ ಉಳಿಯಿತು. ಯಜ್ಞೇಶ್ವರ, ಮಾಳಮಡ್ಡಿ, ಧಾರವಾಡ.’

ರುಕ್ಸಾನಾ ಎರಡು ಸಲ ಓದಿದಳು. ಮೂರನೆಯ ಸಲ ಒಂದೇ ಸಾಲಿನಲ್ಲಿ ನಿಂತಳು. ಏನೂ ತಿಳಿಯದ ಅಂಗಡಿಯ ಹೆಣ್ಣುಮಗಳು. ನಾಣ್ಯ ಕದ್ದದ್ದು ಒಂದು ತೂಕವಾದರೆ ಈ ಸಾಲು ಇನ್ನೊಂದು ತೂಕ. ಕಲಿಸಿದವನೇ ಕಲಿತದ್ದನ್ನು ಅಳಿಸಿ ಹಾಕಿದ್ದ. ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಅವಳು ಕೇಳಿದ್ದಳು; ಇವರು ಎಣಿಸಿ, ಕಿತ್ತುಕೊಂಡು ಹೋಗಿ, ಆ ಮನೆಗೆ ಜಂತಿಯೇ ಇರಲಿಲ್ಲ ಎಂದು ಬರೆದಿದ್ದರು.

“ಇದರ ಕಿಮ್ಮತ್ತು ಎಷ್ಟಾಗತೈತ್ರಿ?” ಎಂದು ಪಕ್ಕದವರೊಬ್ಬರು ಕೇಳಿದರು.

“ತೊಳೀದಿದ್ರ ಎಂಟು-ಹತ್ತು ಸಾವಿರ ಬರತಿತ್ರಿ. ಈಗ ಎರಡು-ಮೂರು ಸಾವಿರ” ಎಂದ ಕೇದಾರ. “ಮಾಸ್ತರು ನಲವತ್ತು ವರ್ಷದಿಂದ ಇಂಥಾದ್ದೊಂದು ಹುಡಕತಿದ್ರು.”

ಎರಡು-ಮೂರು ಸಾವಿರ. ಅವಳ ಅಂಗಡಿಯ ಎರಡು ದಿನದ ವ್ಯಾಪಾರ.

ಅಷ್ಟರಲ್ಲಿ ಮಾಸ್ತರರು ನಾಲ್ಕು ಜನರೊಡನೆ ನಗುತ್ತ ಬಂದರು. ಅವಳನ್ನು ಕಂಡರು. ನಗು ತುಟಿಯ ಮೇಲೆಯೇ ಒಣಗಿತು. ಜೊತೆಗಿದ್ದವರು ಇವರು ಯಾರು ಎಂಬಂತೆ ನೋಡಿದಾಗ ಅವರು, “ನಮ್ಮ ಓಣಿಕಡೆ ಚಹಾದಂಗಡಿ ಅದ ಇವರದು” ಎಂದರು.

“ಓ, ತೊಳದವರು ನೀವ ಏನ್ರಿ?” ಎಂದು ಕೇದಾರ ನಕ್ಕ. ಅವನ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ.

ಎಲ್ಲ ಹೇಳಿಬಿಡಬೇಕೆಂದು ರುಕ್ಸಾನಾಳ ಬಾಯಿಗೆ ಬಂತು. ಆದರೆ ಒಂದು ಕಡೆ ರಿಬ್ಬನ್ನು, ಇಸ್ತ್ರಿಯ ಅಂಗಿ, ನಲವತ್ತು ವರ್ಷದ ಹೆಸರು; ಇನ್ನೊಂದು ಕಡೆ ಕೈಯಲ್ಲಿ ಎಣ್ಣೆ ಸೋರುವ ಕಾಗದದ ಪೊಟ್ಟಣ. ಯಾರ ಮಾತು ನಡೆಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮಾಸ್ತರರ ಕಡೆ ತಿರುಗಿ, ಅಂಗಡಿಯಲ್ಲಿ ಕೇಳಿದ ದನಿಯಲ್ಲಿಯೇ ಕೇಳಿದಳು:

“ಸರ, ಈ ನಾಣ್ಯಕ್ಕ ಇಸವಿ ಎಲ್ಲಿರತೈತ್ರಿ?”

ಮಾಸ್ತರರು ಗಾಜಿನ ಪೆಟ್ಟಿಗೆಯ ಕಡೆ ನೋಡಿದರು. ಹತ್ತು ಜನ ಅವರ ಉತ್ತರಕ್ಕೆ ಕಾಯುತ್ತಿದ್ದರು.

“ಅಂಚಿನ ಮ್ಯಾಲೆ” ಎಂದರು. “ಇಸವಿ, ಟಂಕಸಾಲಿ ಗುರ್ತು, ಎಲ್ಲಾ ಅಂಚಿನ ಮ್ಯಾಲೆ ಇರ್ತಾವ. ಇದರಾಗ ಅದು ಬಿದ್ದಿಲ್ಲ. ಈ ಮುಖದ್ದು ಒಂದ ವರ್ಷ ಹೊಡದದ್ದು, ಅದಕ್ಕ ಇಸವಿ ಗೊತ್ತಾಗ್ತದ.”

“ಛಲೋ ಪ್ರಶ್ನೆ ಕೇಳಿದ್ರಿ ಅಕ್ಕಾರ” ಎಂದ ಕೇದಾರ.

ಅವಳು ಹೊರಗೆ ಬಂದಳು. ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರ ಮೇಲಿನದಕ್ಕಿಂತ ತನ್ನ ಮೇಲೆ ಹೆಚ್ಚು. ಎರಡು ಸಲ ತೂಕ ಮಾಡಿದರಲ್ಲ, ಕಿಮ್ಮತ್ತಿಲ್ಲದ್ದನ್ನು ಯಾರಾದರೂ ಎರಡು ಸಲ ತೂಗುತ್ತಾರೆಯೇ? ಭಜಿಯ ವ್ಯಾಪಾರ ಮಾಡುವವಳಿಗೆ ಇಷ್ಟು ತಿಳಿಯಬಾರದೇ? ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದಳು. ಮಾಶಾಬಿ ತೋಳದ ಮಾತು ಎತ್ತಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, “ಉಣ್ಣು ಬಾ” ಅಂದಳು. ಬೈದಿದ್ದರೆ ರುಕ್ಸಾನಾಳಿಗೆ ಹಗುರಾಗುತ್ತಿತ್ತು.

ಆ ವಾರವೆಲ್ಲ ಹಳೆಯ ಶನಿವಾರಗಳು ನೆನಪಾಗಿ ಅವಳನ್ನು ಕಾಡಿದವು. ಅಂಚು ಮುಕ್ಕಾದಂತೆ ಕಂಡ ಎರಡು ರೂಪಾಯಿ: ಸಾಮಾನ್ಯ. ಒಂದು ಬದಿ ಅಚ್ಚೇ ಬೀಳದ ರೂಪಾಯಿ: ಸಾಮಾನ್ಯ. ನಡುವಿನ ಬಿಲ್ಲೆ ಓರೆಯಾಗಿ ಕೂತ ಹತ್ತು: ಸಾಮಾನ್ಯ, ಇರಲಿ, ಕೊಡು. ಎಷ್ಟು ಸಾಮಾನ್ಯಗಳು ಆ ಚೀಲಕ್ಕೆ ಹೋಗಿದ್ದವು! ಮೊಬೈಲು ತೆಗೆದು ನೋಡಿದಳು. ಒಬ್ಬ ಲಕ್ಷ ಅಂದ, ಒಬ್ಬ ಕೋಟಿ ಅಂದ, ಇನ್ನೊಬ್ಬ ಮೊದಲು ನೋಂದಣಿ ಶುಲ್ಕ ಕಳಿಸಿ ಅಂದ. ಮುಚ್ಚಿಟ್ಟಳು.

ಶನಿವಾರ ಮೂರಕ್ಕೆ ಮಾಸ್ತರರು ಬಂದರು. ಬರುವುದಿಲ್ಲ ಎಂದುಕೊಂಡಿದ್ದಳು. ಬಾಕಿನ ಮೇಲೆ ಕೂಡದೆ ನಿಂತೇ ಇದ್ದರು. ಕಿಸೆಯಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗಿನ ಡಾಲರ್ ತೆಗೆದು ಗಲ್ಲೆಯ ಮೇಲಿಟ್ಟರು.

“ತಗೋ. ನಿಂದ ಇದು.”

ರುಕ್ಸಾನಾ ಒಲೆಯ ಮುಂದಿನಿಂದ ಏಳಲಿಲ್ಲ. “ಯಾಕ್ ಹಂಗ ಮಾಡಿದ್ರಿ, ಸರ?”

ಮಾಸ್ತರರು ಬೋರ್ಡಿನ ಕಂಬದ ಕಡೆ ಮುಖ ತಿರುಗಿಸಿದರು. “ನನ್ನ ಹತ್ರ ನಾಕು ಸಾವಿರ ನಾಣ್ಯ ಅವ. ಎಲ್ಲಾ ರೊಕ್ಕಾ ಕೊಟ್ಟು ತಗೊಂಡದ್ದು, ಇಲ್ಲಾ ಮಂದಿ ಚಿಲ್ಲರದಾಗ ಆರಿಸಿದ್ದು. ತಾನಾಗೇ ನನ್ನ ಕೈಗೆ ಒಂದರೇ ಬರಲಿ ಅಂತ ನಲವತ್ತು ವರ್ಷ ಕಾದೆ. ಬಂದದ್ದು ನಿನ್ನ ಕೈಗೆ. ಅದೂ ಹುಣಸಿನೀರಾಗ.” ಅವರು ಬಾಕಿನ ಅಂಚು ಹಿಡಿದುಕೊಂಡರು. “ಆ ಹೊತ್ತಿಗೆ ಬುದ್ಧಿ ಕೆಟ್ಟಿತು.”

“ಆ ಹೊತ್ತಿಗೆ ಕೆಟ್ಟದ್ದು ಎರಡ ತಿಂಗಳು ಕೆಟ್ಟ ಇತ್ತೇನ್ರಿ? ಎಂಟ ಶನಿವಾರ ಬಂದು ಚಹಾ ಕುಡದು ಹೋದ್ರಿ. ನಾ ನನ್ನ ಕೈ ಕಡಕೊಳ್ಳೂದು ಒಂದು ಬಾಕಿ ಇತ್ತು. ನೋಡಕೋತ ಕುಂತ್ರಿ.”

ಮಾಸ್ತರರು ಡಬ್ಬಿಯನ್ನು ಗಲ್ಲೆಯ ಮೇಲೆ ಅವಳ ಕಡೆ ಸರಿಸಿದರು.

“ನಾಣ್ಯ ನನಗ ಬ್ಯಾಡ. ಕಾರ್ಡು ತಿದ್ದಿ ಬರದು ಕೊಡ್ರಿ. ಕೂಟದವರಿಗೆ ಕೊಡ್ರಿ. ಯಾರಿಗೆ ಸಿಕ್ಕಿತು ಅನ್ನೂದು, ಏನೂ ತಿಳೀದಾಕಿ ಅಲ್ಲ ಅನ್ನೂದು, ಎರಡ ಸಾಲು.”

“ಪೇಪರಿನಾಗ ಬಂದದ, ರುಕ್ಸಾನಾ. ಫೋಟೋ ಸಹಿತ. ಈಗ ತಿದ್ದಿದ್ರ ಈ ವಯಸ್ಸಿನಾಗ ನಾ ಮಂದಿಗೆ ಮಾರಿ ಹ್ಯಾಂಗ ತೋರಸಲಿ? ಮುಂದಿನ ವರ್ಷ ನಿನ್ನ ಹೆಸರಲೇ ಬ್ಯಾರೇದು ಇಡೋಣು. ನಾನ ಹುಡಿಕಿ ಕೊಡ್ತೇನಿ.”

“ಹುಡಿಕಿ ಕೊಟ್ಟದ್ದು ಚಿಲ್ಲರದಾಗ ಸಿಕ್ಕದ್ದು ಹೆಂಗ ಆಗತೈತ್ರಿ?”

ಮಾಸ್ತರರು ಕಣ್ಣು ತಗ್ಗಿಸಿದರು. ನಾಣ್ಯ, ಕ್ಷಮೆ, ಮುಂದಿನ ವರ್ಷ ಎಲ್ಲ ಕೊಡಲು ತಯಾರಿದ್ದರು. ಆ ಎರಡು ಸಾಲು ಮಾತ್ರ ಅವರ ಕೈಯಲ್ಲಿ ಬರೆಯಲಾಗದು. ರುಕ್ಸಾನಾಳಿಗೆ ಅದು ಸ್ಪಷ್ಟವಾಗಿ ತಿಳಿಯಿತು. ತಿಳಿದ ಮೇಲೆ ಅವಳ ಸಿಟ್ಟೂ ತಣ್ಣಗಾಯಿತು, ಅದರ ಜಾಗದಲ್ಲಿ ಏನೂ ಉಳಿಯಲಿಲ್ಲ.

“ಇರಲಿ ಬಿಡ್ರಿ. ಒಂದು ಹೇಳ್ರಿ. ಆರು ವರ್ಷ ಕಲಿಸಿದ್ರಲ್ಲ, ಚುಕ್ಕಿ, ವಜ್ರ, ನಕ್ಷತ್ರ. ಮತ್ತ ನೀವು ಸಾಮಾನ್ಯ ಅಂತ ಒಯ್ದದ್ದು. ಅದರಾಗ ಇನ್ನ ಎಷ್ಟು ಸುಳ್ಳು?”

ಮಾಸ್ತರರು ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು. “ನಮ್ಮವ್ವನ ಆಣಿ ಮಾಡಿ ಹೇಳ್ತೇನಿ, ಇದೊಂದ. ಉಳದದ್ದೆಲ್ಲಾ ಖರೇ.”

ರುಕ್ಸಾನಾ ಅವರ ಮುಖವನ್ನು ನೋಡಿದಳು. ಆರು ವರ್ಷದಲ್ಲಿ ಆ ಮುಖವನ್ನು ಹೀಗೆ, ಎರಡೂ ಬದಿ ತಿರುಗಿಸಿ ನೋಡುವಂತೆ, ಅವಳು ಎಂದೂ ನೋಡಿರಲಿಲ್ಲ. ಖರೆಯೂ ಇರಬಹುದು. ಇಲ್ಲದೆಯೂ ಇರಬಹುದು. ಅವಳಿಗೆ ಏನೇನೂ ಗೊತ್ತಾಗಲಿಲ್ಲ.

“ಅದನ್ನ ನಾ ಈಗ ಯಾರನ್ನ ಕೇಳಿ ತಿಳಕೊಳ್ಳಲಿ, ಸರ?” ಎಂದಳು. “ಇಷ್ಟು ದಿನಾ ಇಂಥಾದ್ದೆಲ್ಲಾ ನಿಮ್ಮನ್ನ ಕೇಳತಿದ್ದೆ.”